ಎರಡು ತಾಸು ಐವತ್ತೈದು ನಿಮಿಷ

ಫೋನು ಮೂರನೆಯ ಸಲ ಬಡಿದುಕೊಳ್ಳತೊಡಗಿತು. ಆದರೂ ಯಾರೂ ಏಳಲಿಲ್ಲ. ನೀರಿನ ಫಿಲ್ಟರಿನ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲಿದ್ದ ಆ ಫೋನನ್ನು ಎತ್ತುವುದು ಆ ಆಫೀಸಿನಲ್ಲಿ ಯಾರ ಕೆಲಸವೂ ಅಲ್ಲ. ಜಾಹೀರಾತು ಕೊಡುವವರು ಪುಟದ ಅಡಿಯಲ್ಲಿ ಸಂಪರ್ಕದ ನಂಬರು ಇರಲೇಬೇಕೆಂದು ಹಟ ಹಿಡಿದಿದ್ದಕ್ಕೆ ನರೇಶ್ ಅದನ್ನು ತಂದಿಟ್ಟಿದ್ದ, ಅಷ್ಟೆ. ಕಟ್ಟಡದ ಮುಂದೆ ನೇತುಹಾಕಿದ ದೃಷ್ಟಿಗೊಂಬೆಯ ಹಾಗೆ ಇರಬೇಕು ಅಂತ ಇದ್ದದ್ದು.

"ಬಿಡಿ ದಾನೇಶ್ವರಿ, ರಾಂಗ್ ನಂಬರ್ ಇರತ್ತೆ. ಸುಸ್ತಾಗಿ ಅವರೇ ಕಟ್ ಮಾಡ್ತಾರೆ," ಎಂದ ನರೇಶ್, ಪರದೆಯಿಂದ ಕಣ್ಣು ತೆಗೆಯದೆ. ಆ ಆಫೀಸಿಗೆ ಯಜಮಾನ, ಮ್ಯಾನೇಜರು, ಕರೆಂಟು ಹೋದರೆ ಇನ್ವರ್ಟರ್ ತಟ್ಟುವವ ಎಲ್ಲ ಅವನೇ.

ಸಿಂಗಸಂದ್ರದ ಟೈರ್ ಅಂಗಡಿಯ ಮೇಲೆ ಎರಡನೆಯ ಮಹಡಿ. ಆರು ಭಾಷೆಗೆ ಆರು ಕುರ್ಚಿ. ಕನ್ನಡದ ಕುರ್ಚಿ ದಾನೇಶ್ವರಿಯದು. ದೇಶದ ಯಾವುದೇ ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಡುವೆ ದೂರವೆಷ್ಟು, ಹಾರುವುದಕ್ಕೆ ಹೊತ್ತೆಷ್ಟು ಎಂದು ಹೇಳುವ ಪುಟಗಳು ಅವರ ಸರಕು. ಲೆಕ್ಕ ಕಂಪ್ಯೂಟರಿನದು. ನಕ್ಷೆಯ ಮೇಲೆ ನೆಟ್ಟಗೆ ಒಂದು ಗೆರೆ, ಗಂಟೆಗೆ ಎಂಟುನೂರು ಕಿಲೋಮೀಟರು, ಏರಿ ಇಳಿಯುವುದಕ್ಕೆ ಅಂತ ಮೇಲೆ ಅರ್ಧ ಗಂಟೆ. ಆ ಊರಿಂದ ಈ ಊರಿಗೆ ವಿಮಾನ ನಿಜಕ್ಕೂ ಹಾರುತ್ತದೋ ಇಲ್ಲವೋ ಅದಕ್ಕೆ ಬೇಡ. ಜೋಡಿ ಹಚ್ಚುತ್ತ ಹೋಗಿ ಎಂಟು ಸಾವಿರ ಚಿಲ್ಲರೆ ಪುಟ ಆಗಿತ್ತು. ಅದರ ಕನ್ನಡವನ್ನು ಓದಿ, ಮನುಷ್ಯರು ಆಡುವ ಮಾತಿಗೆ ತರುವುದು ದಾನೇಶ್ವರಿಯ ಕೆಲಸ. ಮೂವತ್ತೆಂಟು ವರ್ಷ ತುಂಬಿದ ಆಕೆ ಸ್ವತಃ ಒಂದು ಸಲವೂ ವಿಮಾನ ಹತ್ತಿದವಳಲ್ಲ. ಹತ್ತಬೇಕೆಂಬ ಆಸೆಯೂ ಇರಲಿಲ್ಲ ಅನ್ನಿ.

ನಾಲ್ಕನೆಯ ಸಲ ಬಡಿದಾಗ ತಲೆನೋವು ತಡೆಯಲಾರದೆ ಅವಳೇ ಎದ್ದು ಹೋಗಿ ಎತ್ತಿದಳು.

"ಹಲೋ, ಹೇಳಿ."

"ವಿಮಾನದೋರೇನ್ರಿ?" ಆ ಕಡೆ ಒಂದು ಹೆಣ್ಣು ದನಿ. ಅದರ ಹಿಂದೆ ಭಜನೆಯ ತಾಳ. "ನಮ್ಮಣ್ಣ ಇನ್ನಾ ಇಳಿದಿಲ್ರಿ. ಮುಂಜಾನಿ ಎಂಟರಿಂದ ನಮ್ಮ ಮನಿಯವ್ರು ಗೇಟಿನ ಹಂತ್ಯಾಕ ಗಾಡಿ ತಗೊಂಡು ನಿಂತಾರ. ಇವತ್ತು ಯಾವ ವಿಮಾನಾನೂ ಇಲ್ಲ ಅಂತ ಅಲ್ಲಿ ಪೊಲೀಸರು ಹೇಳ್ಲತ್ತಾರಂತ. ಖರೆ ನಿಮ್ಮದ್ರಾಗ ಎರಡು ತಾಸು ಐವತ್ತೈದು ನಿಮಿಷ ಅಂತ ಬರದೀರಿ."

"ಎಲ್ಲಿಂದ ಎಲ್ಲಿಗೆ ಮೇಡಂ?"

"ತೇಜಪುರದಿಂದ್ರಿ, ಅಸ್ಸಾಂ ಕಡಿ. ನಮ್ಮ ಕಲಬುರಗಿಗಿ. ನಮ್ಮವ್ವ ತೀರ್ಕೊಂಡಾಳ್ರಿ. ನಿನ್ನಿ ಮೂರರ ಹೊತ್ತಿಗಿ."

ಸಾವಿನ ಮಾತಿಗೆ ಮೊದಲೇ, ಹತ್ತಿರ ಅನ್ನುವುದಕ್ಕೆ ಆಕೆ ಆಡಿದ ಆ ‘ಹಂತ್ಯಾಕ’ ದಾನೇಶ್ವರಿಯನ್ನು ಹಿಡಿದುಕೊಂಡಿತ್ತು. ಬೆಂಗಳೂರಿಗೆ ಬಂದ ಹೊಸತರಲ್ಲಿ ಚಂದಾಪುರದ ಕಿರಾಣಿ ಅಂಗಡಿಯವನ ಮುಂದೆ ಅದೇ ಮಾತು ಆಡಿ, ಅವನು ನಕ್ಕ ಮೇಲೆ, ಹನ್ನೊಂದು ವರ್ಷ ನಾಲಿಗೆಯನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿಕೊಂಡಿದ್ದಳು. ಈಗ ಅದು ತಾನಾಗಿ ಹೊರಳಿತು.

"ನಾನೂ ಆ ಕಡಿಯಾಕಿನ ಅದೀನ್ರಿ. ಆಳಂದ ಹಂತ್ಯಾಕ ನಮ್ಮೂರು. ದಾನೇಶ್ವರಿ ಅಂತ ನನ್ನ ಹೆಸರು. ಸಮಾಧಾನದಿಂದ ಹೇಳ್ರಿ, ಏನಾತು?"

ಆಕೆಯ ಹೆಸರು ಮಹಾನಂದಾ. ತೀರಿಕೊಂಡವಳು ತಾಯಿ ಚನ್ನಕ್ಕ. ಅಣ್ಣ ಬಸಲಿಂಗ ತೇಜಪುರದಲ್ಲಿ ಸೇತುವೆ ಕಟ್ಟುವ ಕಡೆ ಕ್ರೇನ್ ನಡೆಸುತ್ತಾನೆ. ನಿನ್ನೆ ಸುದ್ದಿ ಮುಟ್ಟಿದ ಕೂಡಲೇ "ಹೊಂಟೆ, ಬಂದೇ ಬಿಟ್ಟೆ" ಅಂದಿದ್ದಾನೆ. ಊರಿನ ಮಾಸ್ತರು ಮೊಬೈಲು ನೋಡಿ, ಕಟ್ಟೆಯ ಮೇಲೆ ಕೂತ ಮಂದಿಗೆಲ್ಲ ಕೇಳುವ ಹಾಗೆ ಓದಿ ಹೇಳಿದ್ದಾರೆ: ಸಾವಿರದ ಒಂಬೈನೂರ ನಲವತ್ತು ಕಿಲೋಮೀಟರು, ಎರಡು ತಾಸು ಐವತ್ತೈದು ನಿಮಿಷ. ಹಾಗಾದರೆ ಮುಂಜಾನೆ ಹೊರಟರೂ ಹತ್ತರೊಳಗೆ ಬಂದಾನು ಅಂತ ಕಾದಿದ್ದಾರೆ. ಗುಂಡಿ ತೋಡಿ ಆಗಿದೆ. ಈಗ ಮೂರೂವರೆ. ಬಸಲಿಂಗನ ಫೋನು ಬಂದ್ ಬರುತ್ತಿದೆ.

"ಅಯ್ಯನೋರು ಹೊತ್ತು ಮುಳುಗೂದ್ರಾಗ ಆಗಬೇಕು ಅಂತಾರ. ಮಂದಿ ಒಬ್ಬೊಬ್ಬರು ಒಂದೊಂದು ಹೇಳ್ತಾರ. ಕನ್ನಡದಾಗ ಬರದಾರಂದ್ರ ನಮ್ಮವರೇ ಯಾರೋ ನೋಡಿ ಬರದಿರ್ತಾರ, ಸುಳ್ಳಾಗಂಗಿಲ್ಲ, ಅವರನ್ನೇ ಕೇಳೂಣು ಅಂತ ನಿಮಗ ಹಚ್ಚೀನ್ರಿ."

"ಹತ್ತು ನಿಮಿಷ ಕೊಡ್ರಿ. ನಿಮ್ಮ ನಂಬರು, ನಿಮ್ಮಣ್ಣನ ನಂಬರು ಹೇಳ್ರಿ. ನೋಡಿ ನಾನೇ ಫೋನ್ ಮಾಡ್ತೀನಿ," ಅಂದಳು ದಾನೇಶ್ವರಿ.

ಕುರ್ಚಿಗೆ ಬಂದು ಆ ಪುಟ ತೆರೆದಳು. ತಪ್ಪೇನೂ ಇರಲಿಲ್ಲ. ದೂರ ಸರಿ, ಹೊತ್ತು ಸರಿ, ಕಾಗುಣಿತ ಕೂಡ ಸರಿ. ತೇಜಪುರದಿಂದ ಕಲಬುರಗಿಗೆ ನೇರ ವಿಮಾನ ಇಲ್ಲ ಅನ್ನುವುದೊಂದೇ ಕೊರತೆ. ಆ ಮಾತೂ ಪುಟದಲ್ಲಿತ್ತು, ಎಲ್ಲಕ್ಕಿಂತ ಕೆಳಗೆ, ಹೋಟೆಲುಗಳ ಚಿತ್ರ ದಾಟಿ, ಸೂಟ್‌ಕೇಸಿನ ಜಾಹೀರಾತು ದಾಟಿ, ಬೂದಿ ಬಣ್ಣದ ಸಣ್ಣ ಅಕ್ಷರದಲ್ಲಿ: ‘ಇದು ನೇರ ಗೆರೆಯ ಅಂದಾಜು. ಈ ಊರುಗಳ ನಡುವೆ ವಿಮಾನ ಇದೆ ಎಂದಲ್ಲ.’ ಈ ಸಾಲನ್ನು ಅವಳು ಮೊದಲು ಪುಟದ ತಲೆಯ ಮೇಲೇ ಹಾಕಿದ್ದಳು. "ಮೇಲೆ ಹಾಕಿದ್ರೆ ಓದೋರು ಓಡಿಹೋಗ್ತಾರೆ ಕಣ್ರೀ, ಕೆಳಗೆ ತಳ್ಳಿ," ಅಂದಿದ್ದ ನರೇಶ್. ತಳ್ಳಿದ್ದಳು. ಎಂಟು ಸಾವಿರ ಪುಟದಲ್ಲಿ ತಳ್ಳಿದ್ದಳು. ಎದುರು ಮಾತು ಆಡಿರಲಿಲ್ಲ.

ನರೇಶನಿಗೆ ಹೇಳಿದಳು. ಅವನು ಹಣೆ ಉಜ್ಜಿಕೊಂಡ. ಕೆಟ್ಟವನೇನಲ್ಲ.

"ಪಾಪ. ಆದ್ರೆ ನೀವೇನೂ ಕಮಿಟ್ ಆಗ್ಬೇಡಿ. ಡಿಸ್‌ಕ್ಲೈಮರ್ ಇದೆ ಅಲ್ವಾ ಕೆಳಗೆ? ನಮಗೆ ಗೊತ್ತಿಲ್ಲ, ಏರ್‌ಲೈನ್‌ನ ಕೇಳಿ ಅಂದ್ಬಿಡಿ."

"ಹೂಂ ಸಾರ್," ಅಂದು ಅವಳು ತನ್ನ ಮೊಬೈಲು ಎತ್ತಿಕೊಂಡು ಮೆಟ್ಟಿಲಿಗೆ ಹೋದಳು.

ಕೆಳಗೆ ಅಂಗಡಿಯಲ್ಲಿ ಟೈರಿಗೆ ಗಾಳಿ ಹಿಡಿಯುವ ಸದ್ದು. ಹೊಸೂರು ರಸ್ತೆಯ ಲಾರಿಗಳ ಹೊಗೆ ಮೆಟ್ಟಿಲವರೆಗೂ ಏರಿ ಬರುತ್ತಿತ್ತು. ಬಸಲಿಂಗನ ನಂಬರಿಗೆ ಹಚ್ಚಿದಳು. ಬಂದ್. ಮತ್ತೆ ಹಚ್ಚಿದಳು. ಬಂದ್. ಐದು ನಿಮಿಷ ಬಿಟ್ಟು ಹಚ್ಚಿದಾಗ ರಿಂಗಾಯಿತು, ಎತ್ತಿದ.

"ಯಾರು?"

ಅವಳು ಹೇಳಿದಳು. ಆ ಕಡೆ ಯಾವುದೋ ಭಾಷೆಯಲ್ಲಿ ಮೈಕು ಕೂಗುತ್ತಿತ್ತು.

"ಗುವಾಹಟಿಯಾಗ ಅದೀನ್ರಿ ಯಕ್ಕಾ. ನಿನ್ನಿ ರಾತ್ರಿ ಅಲ್ಲಿಂದ ಗಾಡೀನೇ ಸಿಗಲಿಲ್ಲ. ಮುಂಜಾನಿ ಬಿಟ್ಟು ಹತ್ತಕ್ಕ ಇಲ್ಲಿ ಮುಟ್ಟೀನಿ. ಇವತ್ತು ಒಂದೂ ಸೀಟಿಲ್ಲ. ನಾಳಿ ಮುಂಜಾನಿ ಕೋಲ್ಕತ್ತಾ, ಅಲ್ಲಿಂದ ಹೈದರಾಬಾದ್, ಅಲ್ಲಿಂದ ಕಾರ್ ಮಾಡ್ಕೊಂಡು ಊರು ಮುಟ್ಟೂದ್ರಾಗ ನಾಳಿ ಕತ್ತಲಾಗ್ತದ."

"ಮನಿಗಿ ಹೇಳಿಲ್ಲೇನ್ರಿ?"

"ಹ್ಯಾಂಗ ಹೇಳ್ಲಿ? ಬಂದೇ ಬಿಟ್ಟೆ ಅಂದೀನಿ ನಿನ್ನಿ. ಅದಕ್ಕ ಫೋನ್ ಬಂದ್ ಮಾಡ್ಕೊಂಡು ಕುಂತೀನಿ. ಈಗ ಟಿಕೆಟಿನ ಮೆಸೇಜ್ ನೋಡೂಣು ಅಂತ ಚಾಲೂ ಮಾಡೀನಿ, ನಿಮ್ಮದು ಬಂತು. ಕಾಯ್ರಿ ಅನ್ನಲಾಕ ಬಾಯಿ ಬರವಲ್ದು. ಮಾಡಿಬಿಡ್ರಿ ಅನ್ನಲಾಕೂ ಬರವಲ್ದು. ನೀವೇ ಏನಾರ ಹೇಳಿಬಿಡ್ರಿ ಯಕ್ಕಾ. ನೀವು ಏನ್ ಹೇಳಿದ್ರೂ ಆತು."

ಫೋನು ಕಟ್ಟಾಯಿತು. ದಾನೇಶ್ವರಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಯಾರದೋ ತಾಯಿ, ಯಾರದೋ ಮಗ, ಎಲ್ಲಿಯದೋ ಗುಂಡಿ. ಹೋಗಿ ಹೋಗಿ ಈ ಮಾತು ತನ್ನ ಕೊರಳಿಗೆ ಬಂದು ಬೀಳಬೇಕೆ?

ಬೇರೆ ಯಾರಾದರೂ ಆಗಿದ್ದರೆ ಇದು ಅಷ್ಟು ಕಷ್ಟದ ಮಾತಾಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಇದೇ ಮೇ ತಿಂಗಳಲ್ಲಿ ಅವಳ ಅಪ್ಪ ತೀರಿಕೊಂಡಿದ್ದರು. ಬೆಳಗಿನ ಜಾವ ತಮ್ಮ ರೇವಣಸಿದ್ದ ಫೋನು ಮಾಡಿದ್ದ. ಕಲಬುರಗಿಯ ಬಸ್ಸುಗಳೆಲ್ಲ ರಾತ್ರಿಯವು. ಹಗಲಿನಲ್ಲಿ ಸಿಕ್ಕ ಬಸ್ಸು ಹತ್ತಿ, ಇಳಿದು, ಇನ್ನೊಂದು ಹತ್ತಿ, ದಾರಿಯುದ್ದಕ್ಕೂ "ಬಂದೆ, ತಡೀರಿ, ಬಂದೆ" ಎಂದು ಫೋನಿನಲ್ಲಿ ಅಂಗಲಾಚಿ, ಊರು ಮುಟ್ಟಿದಾಗ ರಾತ್ರಿ ಒಂಬತ್ತು. ಅಪ್ಪನನ್ನು ಆರಕ್ಕೇ ಮಣ್ಣು ಮಾಡಿದ್ದರು. ಬಂದ ಬೀಗರು ಕೈಕಾಲು ತೊಳೆದು ಉಣ್ಣಲು ಕೂತಿದ್ದರು. "ಮೂರು ತಾಸು ತಡದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಅವಳು ತಮ್ಮನನ್ನು ಎಲ್ಲರ ಮುಂದೆ ಕೇಳಿದ್ದಳು. ಅವನು, "ನೀ ನೋಡೂ ಹಂಗ ಇರಲಿಲ್ಲ ಅಕ್ಕ," ಅಂದಿದ್ದ, ಅಷ್ಟೇ. ನೆಪ ಹೇಳುತ್ತಾನೆ ಎಂದುಕೊಂಡು ಆ ಮನೆಯ ನೀರು ಕೂಡ ಮುಟ್ಟದೆ ಬೆಳಗಿನ ಬಸ್ಸಿಗೆ ವಾಪಸು ಬಂದವಳು ಮತ್ತೆ ಹೋಗಲಿಲ್ಲ. ಪ್ರತಿ ವರ್ಷ ಪಂಚಮಿಗೆ ಕರೆಯಲು ಅವನು ಫೋನು ಮಾಡುತ್ತಾನೆ. ಅವಳು ಎತ್ತುವುದಿಲ್ಲ. ಅವಳಿಗೆ ಇದ್ದದ್ದು ಆ ಒಂದೇ ತವರು, ಆ ಒಬ್ಬನೇ ತಮ್ಮ. ಸಿಟ್ಟಿಗೆ ಅವನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ, ಪ್ರೀತಿಗೂ.

ಹಾಗಾಗಿ ಮಹಾನಂದಾಳ ನಂಬರು ಒತ್ತುವಾಗ ಅವಳ ನಾಲಿಗೆಯ ತುದಿಯಲ್ಲಿ ಇದ್ದದ್ದು ಒಂದೇ ಮಾತು: ತಡೀರಿ. ತಂಪಿನ ಪೆಟ್ಟಿಗಿ ತರಿಸ್ರಿ, ಬರ್ಫ್ ತರಿಸ್ರಿ, ಏನಾರ ಮಾಡ್ರಿ, ಬರೋ ಮನುಷ್ಯಾ ಬರ್ಲತ್ತಾನ, ತಡೀರಿ. ತನಗಾಗಿ ಯಾರೂ ಆಡದ ಮಾತನ್ನು ಆ ಬಸಲಿಂಗನಿಗಾಗಿ ಆಡಿಬಿಡಬೇಕು.

ಆದರೆ ಮಹಾನಂದಾ ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ಯಕ್ಕಾ, ಎಲ್ಲಿ ಅದಾನ್ರಿ ಅಂವಾ? ಲಗೂ ಬರ್ಲಿ. ಬರ್ಫ್ ಇಟ್ಟೀವಿ, ನಿಲ್ಲವಲ್ದು. ಕಲಬುರಗಿಯಿಂದ ಪೆಟ್ಟಿಗಿ ತರಿಸಿದ್ರ ಊರಾಗ ಕರೆಂಟಿಲ್ಲ. ಮೂಗಿನ ಹತ್ತಿ ಮೂರು ಸರತಿ ಬದಲಿ ಮಾಡೀನಿ." ದನಿ ತಗ್ಗಿಸಿ, ಒಳಗಿನವರಿಗೆ ಕೇಳದ ಹಾಗೆ, "ನಿನ್ನಿ ಇದ್ದ ಮಾರಿ ಇವತ್ತಿಲ್ರಿ ಯಕ್ಕಾ. ಇನ್ನೊಂದು ಸ್ವಲ್ಪ ಹೊತ್ತಾದ್ರ ಅಣ್ಣಗ ತೋರಿಸೂ ಹಂಗ ಇರಂಗಿಲ್ಲ. ಅವ್ವ ಅಂದ್ರ ಜೀವ ಅವಗ. ಅಂವಾ ಆ ಮಾರಿ ನೋಡಬಾರದು," ಅಂದಳು.

ದಾನೇಶ್ವರಿ ಗೋಡೆಗೆ ಒರಗಿಕೊಂಡಳು. ಗೋಡೆ ಬಿಸಿಯಾಗಿತ್ತು. ಅಪ್ಪ ತೀರಿಕೊಂಡ ದಿನ ಊರಿನಲ್ಲಿ ನಲವತ್ಮೂರು ಡಿಗ್ರಿ ಇತ್ತೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಅಪ್ಪನ ಮೂಗಿನ ಹತ್ತಿಯನ್ನು ಯಾರು ಬದಲಾಯಿಸಿದರು, ಎಷ್ಟು ಸಲ ಬದಲಾಯಿಸಿದರು, ಅವಳು ಕೇಳಿರಲಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಕೇಳಬೇಕು ಅನ್ನಿಸಿರಲಿಲ್ಲ.

"ಮಹಾನಂದಾ," ಅಂದಳು. "ನಿಮ್ಮಣ್ಣ ಗುವಾಹಟಿಯಾಗ ಅದಾನ. ನಾ ಮಾತಾಡೀನಿ. ಇವತ್ತು ಬರಂಗಿಲ್ಲ. ನಾಳಿ ಕತ್ತಲಾಗ್ತದ. ಆ ಎರಡು ತಾಸಿನ ವಿಮಾನ ಇಲ್ಲೇ ಇಲ್ಲವ್ವ. ಅದು ಬರೇ ಲೆಕ್ಕ. ಬರದಾಕಿ ನಾನೇ. ತಪ್ಪು ನಂದು."

ಆ ಕಡೆ ಭಜನೆಯ ತಾಳ ನಡೆದೇ ಇತ್ತು. ದಾನೇಶ್ವರಿಯೇ ಮುಂದುವರಿಸಿದಳು.

"ಕಾಯಬ್ಯಾಡ್ರಿ. ಮಾಡಿಬಿಡ್ರಿ."

ಮಹಾನಂದಾ ಕೇಳಿದಳು. "ಅಂವಾ ಸಿಟ್ಟಾಗ್ತಾನೇನ್ರಿ?"

"ಆಗ್ತಾನ," ಅಂದಳು ದಾನೇಶ್ವರಿ. "ಭಾಳ ದಿನ ಆಗ್ತಾನ. ಆದ್ರೂ ಮಾಡ್ರಿ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ದಾನೇಶ್ವರಿಗೆ. ಮೂಗು ಸೀಟಿಕೊಂಡು, "ಆತ್ರಿ. ಗೇಟಿನಾಗ ನಿಂತವ್ರಿಗಿ ವಾಪಸ್ ಬರ್ರಿ ಅಂತೀನಿ," ಅಂದಳು. ಆಮೇಲೆ, "ಅಣ್ಣನ ಹೆಸರಿನ ಹಿಡಿ ಮಣ್ಣು ನಾನೇ ಹಾಕ್ತೀನಿ. ಬರಲಾಗದವರದು ನಮ್ಮ ಕಡಿ ಹಂಗ ಹಾಕ್ತೀವ್ರಿ. ನಿಮ್ಮ ಆಳಂದ ಕಡೀನೂ ಹಾಕ್ತಾರಲ್ಲ?"

"ಹಾಕ್ತಾರ," ಅಂದಳು ದಾನೇಶ್ವರಿ. ಹಾಕಿದರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಒಳಗೆ ಬಂದು ಆ ಪುಟದ ಅಡಿಯಲ್ಲಿದ್ದ ಬೂದಿ ಬಣ್ಣದ ಸಾಲನ್ನು ಎತ್ತಿ ತಲೆಯ ಮೇಲೆ, ಕಪ್ಪು ದಪ್ಪ ಅಕ್ಷರದಲ್ಲಿ ಕೂರಿಸಿದಳು. ಊರೆಲ್ಲ ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನರೇಶ್ ಹಿಂದಿನಿಂದ ಬಂದು ನೋಡಿದ. ಅವಳ ಮುಖ ನೋಡಿ ತನ್ನ ಜಾಗಕ್ಕೆ ಹೋಗಿ ಕೂತ. ಅವಳು ಎರಡನೆಯ ಪುಟ ತೆರೆದಳು. ಆಮೇಲೆ ಮೂರನೆಯದು. ಆರು ಗಂಟೆಯ ಹೊತ್ತಿಗೆ ನಲವತ್ತು ಮುಗಿದಿದ್ದವು.

ಆರೂವರೆಗೆ ಚಂದಾಪುರದ ಬಸ್ಸು ಹತ್ತಿದಳು. ಪಶ್ಚಿಮದ ಕಡೆಯ ಕಿಟಕಿಯಲ್ಲಿ ಹೊತ್ತು ಇಳಿಯುತ್ತಿತ್ತು. ಈಗ ಚನ್ನಕ್ಕನನ್ನು ಹೊತ್ತೊಯ್ದಿರುತ್ತಾರೆ, ಈಗ ಗುಂಡಿಯಲ್ಲಿ ಕೂರಿಸಿರುತ್ತಾರೆ, ಈಗ ವಿಭೂತಿ, ಬಿಲ್ವಪತ್ರೆ. ಪಕ್ಕದಲ್ಲಿ ಕೂತ ಗಾರ್ಮೆಂಟ್ಸ್ ಹುಡುಗಿ ಫೋನಿನಲ್ಲಿ ಯಾರಿಗೋ ಮೆಲ್ಲಗೆ ಬೈಯುತ್ತಿದ್ದಳು. ಬಸ್ಸಿನ ತುಂಬ ಮಂದಿ. ಹೇಳಿಕೊಳ್ಳುವುದಕ್ಕೆ ಒಬ್ಬರಿಲ್ಲ.

ಅವಳ ಕೋಣೆ ಅಂಜಿನಮ್ಮನ ಮನೆಯ ತಾರಸಿಯ ಮೇಲೆ ಒಂದೇ ಒಂದು. ಕೆಳಗೆ ಹಿಂದೆ ಕೊಟ್ಟಿಗೆಯಿದ್ದ ಕಡೆ ಈಗ ಸಾಲು ಮನೆ ಎದ್ದಿವೆ. ಹಸು ಕಟ್ಟುತ್ತಿದ್ದ ಕಲ್ಲುಗೂಟ ಮಾತ್ರ ಗೇಟಿನ ಬಳಿ ಹಾಗೇ ಉಳಿದಿದೆ. ಅಂಜಿನಮ್ಮ ಅದಕ್ಕೆ ಒರಗಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಯಾಕವ್ವ ಮೊಕ ಇಂಗ್ ಮಾಡ್ಕಂಡಿದ್ದೀಯ? ಉಸಾರಿಲ್ವಾ?"

"ಏನಿಲ್ಲಕ್ಕ. ಊರಿಂದ ಫೋನ್ ಬಂದಿತ್ತು."

"ನಿಂಗೂ ಊರಿಂದ ಪೋನ್ ಬತ್ತದಾ? ಒಳ್ಳೇದಾಯ್ತು ಬುಡು." ಅಂಜಿನಮ್ಮನಿಗೆ ನಿಜಕ್ಕೂ ಸಂತೋಷವಾಯಿತು. "ಅನ್ನೊಂದು ವರ್ಸದಾಗೆ ಒಬ್ರು ಬಂದಿದ್ ಕಾಣೆ ಅಂತ ನಾವ್ ಮಾತಾಡ್ಕತಿದ್ವಿ."

ದಾನೇಶ್ವರಿ ಹತ್ತಿಹೋಗಿ, ತಂತಿಯ ಮೇಲೆ ಬೆಳಗ್ಗೆ ಒಣಹಾಕಿದ್ದ ಸೀರೆಯ ಪಕ್ಕ ನಿಂತಳು. ಮೊಬೈಲಿನಲ್ಲಿ ಹಿಂದಕ್ಕೆ, ಹಿಂದಕ್ಕೆ, ಹೋದ ಶ್ರಾವಣದವರೆಗೆ ಸರಿಸಿ, ಎತ್ತದೆ ಬಿಟ್ಟ ಕರೆಯ ಕೆಂಪು ಬಣ್ಣದಲ್ಲಿದ್ದ ತಮ್ಮನ ಹೆಸರನ್ನು ಒತ್ತಿದಳು.

ಒಂದೇ ರಿಂಗಿಗೆ ಎತ್ತಿದ. "ಅಕ್ಕ?"

ಯೋಚಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು. "ರೇವಣ, ಅಪ್ಪನ ಮೂಗಿನ ಹತ್ತಿ ಯಾರು ಬದಲಿ ಮಾಡಿದ್ರು?" ಅಂದಳು.

ಅವನು ಯಾಕೆ, ಏನು ಅಂತ ಕೇಳಲಿಲ್ಲ. "ನಾನೇ," ಅಂದ.

"ಎಷ್ಟು ಸರತಿ?"

"ನೆನಪಿಲ್ಲಕ್ಕ. ಭಾಳ ಸರತಿ."

ತಾರಸಿಯ ಮೇಲೆ ಗಾಳಿಯಿರಲಿಲ್ಲ. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಸ್ವಲ್ಪ ಹೊತ್ತು ಅತ್ತಳು. ಅವನು ಫೋನು ಹಿಡಿದುಕೊಂಡೇ ಇದ್ದ.

"ನನ್ನ ಹೆಸರಿನ ಹಿಡಿ ಮಣ್ಣು ಹಾಕಿದ್ಯಾ ರೇವಣ?"

"ಇಲ್ಲ."

ಅವಳು ತಂತಿಯ ಮೇಲಿನ ಸೀರೆಯನ್ನು ಹಿಡಿದುಕೊಂಡಳು.

"ಹಾಕ್ಬೇಕು ಅಂತ ಎಲ್ಲರೂ ಅಂದ್ರು. ನಾ ಹಾಕಲಿಲ್ಲ. ಎಷ್ಟಾದ್ರೂ ನೀ ಬರ್ಲತ್ತಿದ್ದಿ, ನಿನ್ನ ಹಿಡಿ ನಾ ಯಾಕ ಹಾಕ್ಲಿ? ನಿನ್ನ ಪಾಲಿಂದು ತಗದಿಟ್ಟೀನಿ. ಅವತ್ತು ನೀ ಸಿಟ್ಟು ಮಾಡ್ಕೊಂಡು ಹೋಗಿಬಿಟ್ಟಿ. ಹಿತ್ತಲ ಗ್ವಾಡಿ ಮಾಡದಾಗ, ದೀಪ ಇಡೂ ಗೂಡಿನಾಗ ಅದ, ಅಪ್ಪ ತಲಿಗಿ ಸುತ್ತತಿದ್ದ ಪಟಗದ ತುಂಡಿನಾಗ ಕಟ್ಟೀನಿ. ಪಂಚಮಿಗಿ ಫೋನ್ ಹಚ್ಚಿದಾಗೆಲ್ಲ ಇದನ್ನೇ ಹೇಳಬೇಕು ಅಂತ..." ಅಷ್ಟಕ್ಕೆ ನಿಲ್ಲಿಸಿದ. "ತಡಿ, ಫೋನ್ ಇಡಬ್ಯಾಡ."

ಬಾಗಿಲು ತೆಗೆದ ಸದ್ದು. ಹಿತ್ತಲಿನಲ್ಲಿ ಕೋಳಿಯೊಂದು ಗದರಿಸಿಕೊಂಡು ಓಡಿತು. ಸ್ಟೂಲೋ ಡಬ್ಬವೋ ಎಳೆದ, ಅದರ ಮೇಲೆ ಹತ್ತಿದ. ಮತ್ತೆ ಅವನ ಉಸಿರು ಹತ್ತಿರ ಬಂತು.

"ಮಣ್ಣು ಒಣಗಿ ಹೆಂಟಿ ಆಗ್ಯಾದ ಅಕ್ಕ. ಅಲ್ಲಾಡಿಸ್ತೀನಿ, ಕೇಳ್ಲತ್ತದೇನು?"

ದಾನೇಶ್ವರಿ ಫೋನನ್ನು ಕಿವಿಗೆ ಗಟ್ಟಿಯಾಗಿ ಒತ್ತಿ ಹಿಡಿದಳು. ಕೆಳಗೆ ರಸ್ತೆಯಲ್ಲಿ ಸಂಜೆ ಪಾಳಿಯ ಬಸ್ಸುಗಳು ಒಂದರ ಹಿಂದೊಂದು ಹಾರನ್ ಹೊಡೆಯುತ್ತಿದ್ದವು. ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಆ ಕಡೆ, ಬಟ್ಟೆಯೊಳಗೆ, ಒಣ ಮಣ್ಣು ಮೆಲ್ಲಗೆ ಗಲಗಲ ಅಂದಿತು.